ಕಾಫಿ ಚಾಪೆಯ ಕೆಳಗೆ, ತುಕ್ಕು ರಂಗೋಲಿಯ ಕೆಳಗೆ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅರೇಬಿಕಾ ಕಾಫಿ ಗಿಡದ ಎಲೆಯೊಂದನ್ನು ಮಗುಚಿ ನೋಡಿ. ಕಿತ್ತಳೆ ಬಣ್ಣದ ಹಿಟ್ಟು ಬೆರಳಿಗೆ ಅಂಟಿದರೆ ಅದೇ ಎಲೆ ತುಕ್ಕು. ಹಿಟ್ಟಿನ ಒಂದೊಂದು ಕಣವೂ ಒಂದು ಬೀಜಾಣು. ಅದು ನೀರಿನ ಹನಿಯಲ್ಲಿ ಮೊಳೆತು, ಎಲೆಯಡಿಯ ಪತ್ರರಂಧ್ರದಿಂದ ಒಳನುಸುಳುತ್ತದೆ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಈ ಶಿಲೀಂಧ್ರ ಬೆಳೆಯಲು ಜೀವಂತ ಎಲೆಯೇ ಬೇಕು. ಹಾಗಾಗಿ ಜೀವಕೋಶವನ್ನು ತಕ್ಷಣ ಕೊಲ್ಲದೆ, ಅದರೊಳಗೆ ಸಣ್ಣ ಬೆರಳು ಚಾಚಿ ಗಿಡದ ಆಹಾರವನ್ನು ಹೀರುತ್ತದೆ. ಗಿಡವೂ ದಡ್ಡನಲ್ಲ. ನಿರೋಧಕ ತಳಿಯಲ್ಲಿ ಶಿಲೀಂಧ್ರ ಹೊಕ್ಕ ಜೀವಕೋಶ ತಾನಾಗಿಯೇ ಸಾಯುತ್ತದೆ. ಒಲೆಯೇ ಆರಿದ ಮನೆಯಲ್ಲಿ ನೆಂಟ ಎಷ್ಟು ದಿನ ಕೂರುತ್ತಾನೆ?

1869ರಲ್ಲಿ ಸಿಲೋನಿನಲ್ಲಿ ಗುರುತಿಸಲಾದ ಈ ರೋಗ ಅಲ್ಲಿನ ಕಾಫಿಯನ್ನು ನೆಲಕಚ್ಚಿಸಿತು. ತೋಟಗಳು ಚಹಾಕ್ಕೆ ತಿರುಗಿದವು. ದಕ್ಷಿಣ ಭಾರತಕ್ಕೂ ಅದು ಬೇಗನೆ ಬಂತು. 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟಗಾರ ಕೆಂಟ್ ಆರಿಸಿದ 'ಕೆಂಟ್ಸ್' ತಳಿ ತುಕ್ಕಿಗೆ ಬಗ್ಗಲಿಲ್ಲ. ಎಲ್ಲರೂ ಅದನ್ನೇ ನೆಟ್ಟರು. ಕೆಲವೇ ವರ್ಷಗಳಲ್ಲಿ ಅದರ ಎಲೆಗಳೂ ಕಿತ್ತಳೆಯಾದವು.

ತಳಿ ಕೆಟ್ಟಿತು ಎಂದು ಹೇಳುವುದು ವಾಡಿಕೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ತಳಿ ಇದ್ದ ಹಾಗೆಯೇ ಇತ್ತು, ಬದಲಾದದ್ದು ತುಕ್ಕು. 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇನ್ ಇದನ್ನೇ ತೋರಿಸಿದರು: ನೋಡಲು ಒಂದೇ ಆಗಿದ್ದರೂ ಈ ಶಿಲೀಂಧ್ರದಲ್ಲಿ ಬೇರೆ ಬೇರೆ ಪ್ರಭೇದಗಳಿವೆ, ಒಂದಕ್ಕೆ ಮಣಿಯದ ಗಿಡ ಇನ್ನೊಂದಕ್ಕೆ ಮಣಿಯುತ್ತದೆ. ಮುಂದೆ ಅಮೆರಿಕದ ನಾರ್ತ್ ಡಕೋಟಾದಲ್ಲಿ ಅಗಸೆಯ ತುಕ್ಕನ್ನು ಅಭ್ಯಸಿಸಿದ ಫ್ಲೋರ್ ಇದರ ಲೆಕ್ಕ ಬಿಡಿಸಿದರು. ಗಿಡದ ಒಂದು ನಿರೋಧಕ ವಂಶವಾಹಿಗೆ ರೋಗಾಣುವಿನ ಒಂದು ವಂಶವಾಹಿ ಎದುರು ಜೋಡಿ. ರೋಗಾಣುವಿನದು ಬದಲಾದರೆ ಗಿಡಕ್ಕೆ ಕಳ್ಳನ ಗುರುತೇ ಸಿಗುವುದಿಲ್ಲ.

ಕೆಂಟ್ಸ್‌ನ ನಂತರದ ಸರದಿ ಎಸ್.795ರದು. 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದಲೇ ಹೊರಬಂದ ಈ ತಳಿಗೆ ಲೈಬೀರಿಕಾ ಕಾಫಿಯ ನಿರೋಧಕ ಗುಣ ಬಂದಿತ್ತು. ವರ್ಷಗಟ್ಟಲೆ ತಡೆಯಿತು, ಅದನ್ನು ಭೇದಿಸುವ ಪ್ರಭೇದಗಳೂ ಹುಟ್ಟಿದವು. ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ಎಂಬ ಎರಡು ಬಗೆಯ ಕಾಫಿ ತಾವಾಗಿಯೇ ಕೂಡಿ ಹುಟ್ಟಿದ ಗಿಡದ ಸಂತತಿಯಾದ 'ಕಾವೇರಿ'ಯ ಪಾಡೂ ಬೇರೆಯಾಗಲಿಲ್ಲ. ಲಕ್ಷಾಂತರ ಗಿಡಗಳಿಗೆ ಒಂದೇ ಬೀಗ ಹಾಕಿದರೆ, ತುಕ್ಕು ಹುಡುಕಬೇಕಾದದ್ದು ಒಂದೇ ಕೀಲಿಯನ್ನು.

ಎಸ್.795 ಇಂದಿಗೂ ತೋಟಗಳಲ್ಲಿದೆ. ಮುಂಗಾರಿಗೆ ಮುನ್ನ ಮೈಲುತುತ್ತ, ಸುಣ್ಣ ಬೆರೆಸಿ, ತುಕ್ಕು ತಡೆಯಲು ಎಲೆಯಡಿ ನೆನೆಯುವಂತೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸವೂ ಇದೆ.