ಸಣ್ಣ ಟ್ರಕ್ಕಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೊ: ಮೊದಲು ಕಿಲೋ ಲೆಕ್ಕ

ಸಂಚಾರಿ ಸ್ಟುಡಿಯೊ ಎಂದ ಕೂಡಲೇ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಮೈಕ್ ತಗೋಬೇಕು? ಈ ಟಿಪ್ಪಣಿಯಲ್ಲಿ ಮೈಕಿಗೆ ಜಾಗ ಕಡಿಮೆ. ಗಾಡಿಯೊಳಗೆ ಸ್ಟುಡಿಯೊ ಮಾಡುವಾಗ ಮೊದಲು ನೋಡಬೇಕಾದದ್ದು ತೂಕ. ಅದು ತಪ್ಪಿದರೆ ಉಳಿದದ್ದೆಲ್ಲ ಸುಮ್ನೆ ಖರ್ಚು.

1933ರಲ್ಲಿ ಅಮೆರಿಕದ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಆಲನ್ ಜನಪದ ಹಾಡು ಸಂಗ್ರಹಿಸಲು ಊರೂರು ತಿರುಗಿದರು. ಅವರ ಫೋರ್ಡ್ ಕಾರಿನ ಡಿಕ್ಕಿಯಲ್ಲಿದ್ದ ಡಿಸ್ಕ್ ರೆಕಾರ್ಡರಿನ ತೂಕ 315 ಪೌಂಡ್, ಅಂದರೆ ಸುಮಾರು 143 ಕಿಲೋ. ಇವತ್ತು ಅದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುವ ಯಂತ್ರ ಜೇಬಿನಲ್ಲಿ ಹಿಡಿಸುತ್ತದೆ. ಆದರೆ ಹೊರಗಿನ ಸದ್ದು ತಡೆಯುವ ಗೋಡೆ ಆಗಲೂ ಭಾರ, ಈಗಲೂ ಭಾರ.

ಹಾಡುವವರು ಎಲ್ಲಿ ಕೂರಬೇಕು

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಹಾಡುವವರು ಗಾಡಿಯೊಳಗೆ ಬರಬಾರದು. ಗಾಡಿ ಇರುವುದು ಕೇಳುವುದಕ್ಕೆ ಮತ್ತು ದಾಖಲಿಸುವುದಕ್ಕೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ನಾವು ರೆಕಾರ್ಡ್ ಮಾಡಲು ಹೋಗುವುದು ಏನನ್ನು? ಶ್ರೀಕೃಷ್ಣ ಪಾರಿಜಾತ, ಡೊಳ್ಳಿನ ಪದ, ಗೀಗೀ ಪದ, ಸವದತ್ತಿ ಎಲ್ಲಮ್ಮನ ಚೌಡಿಕೆ ಪದ, ಕರಡಿ ಮಜಲು, ಬನಶಂಕರಿ ಜಾತ್ರೆಯ ಕಂಪನಿ ನಾಟಕ. ಇವೆಲ್ಲ ಜನರ ಎದುರು ಬೆಳೆದವು. ಪಾರಿಜಾತದ ಭಾಗವತರು ಮುಂದೆ ಕೂತವರು ನಕ್ಕರೆ ಮಾತು ಬೆಳೆಸುತ್ತಾರೆ. ಗೀಗೀ ಮೇಳದವರು ಎದುರು ಪಕ್ಷದ ಸವಾಲಿಗೆ ಅಲ್ಲೇ ಜವಾಬು ಕಟ್ಟುತ್ತಾರೆ. ಅವರನ್ನು ತಂದು ಆರು ಅಡಿ ಡಬ್ಬದಲ್ಲಿ ಕೂರಿಸಿದರೆ ಹಾಡು ಬರುತ್ತದೆ, ಆಟ ಬರುವುದಿಲ್ಲ.

ಹಲಸಂಗಿ ಗೆಳೆಯರ ಬಳಗದ ಸಾಹಿತಿಗಳು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದಿಟ್ಟರು. ಅದರಿಂದ ಸಾಹಿತ್ಯ ಉಳಿಯಿತು. ಆದರೆ ಹಾಡಿದ ದನಿ, ಎಳೆದ ರೀತಿ ಕಾಗದಕ್ಕೆ ಇಳಿಯುವಂಥದ್ದಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ದನಿಗೂ ಒಂದು ಜಾಗ ಸಿಕ್ಕಿತು. ಆದರೆ ಸ್ಟುಡಿಯೊದಲ್ಲಿ ಹಾಡಬೇಕೆಂದರೆ ಕಲಾವಿದರು ಅಲ್ಲಿಯವರೆಗೆ ಹೋಗಬೇಕಿತ್ತು. ಗಾಡಿ ಮಾಡುವುದೇ ಈ ದಾರಿಯನ್ನು ತಿರುಗಿಸಲು, ಅಲ್ವಾ? ಹಾಗಿದ್ದ ಮೇಲೆ ಅವರ ಜಾಗದಲ್ಲೇ ಅವರು ಹಾಡಲಿ. ನಾವು ಕೇಬಲ್ ಎಳೆಯೋಣ.

ಹೊರಗಿನ ಒಂದು ಉದಾಹರಣೆ ಪ್ರಸಿದ್ಧ. 1971ರ ಡಿಸೆಂಬರಿನಲ್ಲಿ ಡೀಪ್ ಪರ್ಪಲ್ ಎಂಬ ರಾಕ್ ಸಂಗೀತದ ಬ್ಯಾಂಡಿನವರು ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿಗೆ ಬಂದರು. ಅಲ್ಲಿನ ಕ್ಯಾಸಿನೊ ಕಟ್ಟಡದಲ್ಲಿ ರೆಕಾರ್ಡಿಂಗ್ ಎಂದು ಗೊತ್ತಾಗಿತ್ತು. ಅದು ಬೆಂಕಿಗೆ ಆಹುತಿಯಾಯಿತು. ಕೊನೆಗೆ ಖಾಲಿ ಬಿದ್ದಿದ್ದ ಒಂದು ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಒರಗಿಸಿ ನುಡಿಸಿದರು. ಹೊರಗೆ ನಿಂತಿದ್ದ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಸಂಚಾರಿ ಸ್ಟುಡಿಯೊ ಲಾರಿಗೆ ಕೇಬಲ್ ಎಳೆದರು. ಕಟ್ಟಡ ಹೋದರೂ ಕೆಲಸ ನಿಲ್ಲಲಿಲ್ಲ. ನುಡಿಸಿದ್ದನ್ನು ಕೇಳಲು ಲಾರಿವರೆಗೆ ಹೋಗುವುದೇ ದೊಡ್ಡ ಸುತ್ತಾಗಿ, ಕಡೆಕಡೆಗೆ ಕೇಳುವುದನ್ನೇ ಬಿಟ್ಟರಂತೆ. ಆ ತೊಂದರೆಗೆ ಪರಿಹಾರ ಮುಂದೆ ನೋಡೋಣ.

ಗೋಡೆಯ ಲೆಕ್ಕ

ಈ ಭಾಗವನ್ನು ನಿಧಾನವಾಗಿ ಓದಿ. ಎಲ್ಲ ಇಲ್ಲೇ ಇದೆ.

ಒಂದೇ ಪದರದ ಗೋಡೆಗೆ ಸರಳ ನಿಯಮವಿದೆ. ಚದರ ಮೀಟರಿಗೆ ಇರುವ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಹೆಚ್ಚುತ್ತದೆ. ಸದ್ದಿನ ಕಂಪನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಹರ್ಟ್ಜ್ ಲೆಕ್ಕ, ಇಮ್ಮಡಿಯಾದರೂ ಅಷ್ಟೇ ಹೆಚ್ಚುತ್ತದೆ. ತಿರುಗಿಸಿ ಓದಿದರೆ, ಕಡಿಮೆ ಹರ್ಟ್ಜಿನ ದಪ್ಪ ಸದ್ದು ತಡೆಯುವುದು ಬಹಳ ಕಷ್ಟ. ಮೊಟ್ಟೆ ಟ್ರೇ, ಸ್ಪಂಜು ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದಿಲ್ಲ. ಅವುಗಳಲ್ಲಿ ತೂಕವೇ ಇಲ್ಲವಲ್ಲ. ಒಳಗಿನ ಗಿಜಿಗಿಜಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ.

ತೂಕ ಹೆಚ್ಚಿಸದೆ ತಡೆ ಹೆಚ್ಚಿಸಬೇಕಾದರೆ ಎರಡು ಪದರ ಮಾಡಿ ನಡುವೆ ಗಾಳಿ ಬಿಡಬೇಕು. ಹೊರಗೆ 1 ಮಿಲಿಮೀಟರ್ ಉಕ್ಕಿನ ತಗಡು, ಚದರ ಮೀಟರಿಗೆ 7.8 ಕಿಲೋ. ಒಳಗೆ 12 ಮಿಲಿಮೀಟರ್ ಪ್ಲೈವುಡ್, ಸುಮಾರು 7.5 ಕಿಲೋ. ನಡುವೆ 75 ಮಿಲಿಮೀಟರ್ ಸಂದು, ಅದರಲ್ಲಿ ಕಲ್ಲಿನ ನಾರಿನ ಹತ್ತಿಯಂಥ ರಾಕ್‌ವೂಲ್. ಇಂಥ ಜೋಡಿ ಗೋಡೆಗೆ ತನ್ನದೇ ಒಂದು ಕಂಪನ ಇರುತ್ತದೆ. ಅದನ್ನು ಹೀಗೆ ಕಂಡುಹಿಡಿಯಬಹುದು: ಒಂದೊಂದು ತೂಕದಿಂದ 1ನ್ನು ಭಾಗಿಸಿ ಬಂದದ್ದನ್ನು ಕೂಡಿಸಿ, ಸಂದಿನ ಅಗಲದಿಂದ (ಮೀಟರಿನಲ್ಲಿ) ಭಾಗಿಸಿ, ವರ್ಗಮೂಲ ತೆಗೆದು 60ರಿಂದ ಗುಣಿಸಿ. ನಮ್ಮ ಗೋಡೆಗೆ ಸುಮಾರು 112 ಹರ್ಟ್ಜ್ ಬರುತ್ತದೆ. ರಾಕ್‌ವೂಲ್ ತುಂಬಿದರೆ ಇನ್ನೂ ಕೆಳಗೆ ಇಳಿಯುತ್ತದೆ. ಇದಕ್ಕಿಂತ ಸಾಕಷ್ಟು ಮೇಲಿನ ಸದ್ದಿಗೆ ಗೋಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಇದರ ಹತ್ತಿರ, ಇದರ ಕೆಳಗೆ ಜೋಡಿ ಪದರದಿಂದ ಲಾಭವಿಲ್ಲ.

ಈಗ ನಮ್ಮೂರಿನ ಸದ್ದು ನೋಡಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಓಡುತ್ತವೆ. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಬಡಿತ 37.5 ಹರ್ಟ್ಜ್. ಅದು ನಮ್ಮ ಗೋಡೆ ದಾಟಿ ಆರಾಮವಾಗಿ ಒಳಗೆ ಬರುತ್ತದೆ. ಟೇಪಿನಲ್ಲಿ ಹಾಡು ಹಾಕಿಕೊಂಡು ಹೋಗುವವರ ಮಾತು ಬೇರೆ! ಹಾಗಾಗಿ ಗಾಡಿಯನ್ನು ರಸ್ತೆಯಿಂದ ದೂರ, ಗುಡಿಯದೋ ಶಾಲೆಯದೋ ಗೋಡೆಯ ಮರೆಯಲ್ಲಿ ನಿಲ್ಲಿಸಿ. ಆ ಗೋಡೆಗೆ ದುಡ್ಡೂ ಇಲ್ಲ, ಗಾಡಿಗೆ ಅದರ ತೂಕವೂ ಇಲ್ಲ.

ಇನ್ನೆರಡು ಮಾತು. ಒಳಗಿನ ಡಬ್ಬ ಹೊರಗಿನ ಡಬ್ಬಕ್ಕೆ ನೇರವಾಗಿ ತಾಗಬಾರದು, ರಬ್ಬರ್ ಪ್ಯಾಡಿನ ಮೇಲೆ ನಿಲ್ಲಬೇಕು. ಎರಡನೆಯದು ಬಾಗಿಲು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ತಡೆ 20 ಡೆಸಿಬೆಲ್ ದಾಟುವುದಿಲ್ಲ, ಉಳಿದದ್ದು ಎಷ್ಟೇ ಗಟ್ಟಿಯಿರಲಿ. ಬಾಗಿಲಿನ ಸುತ್ತ ರಬ್ಬರ್ ಬೀಡಿಂಗ್ ಎರಡು ಸಾಲು ಹಾಕಿಸಿ. ಬೆಳಗಾವಿ ಕಡೆ ಮಳೆಗಾಲದಲ್ಲೂ ಕೆಲಸ ಮಾಡುವವರು ಚಾವಣಿ ತಗಡಿನ ಒಳಮೈಗೆ ಕಾರಿಗೆ ಹಚ್ಚುವ, ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಹಚ್ಚಿಸಲೇಬೇಕು. ಇಲ್ಲದಿದ್ದರೆ ಮಳೆ ಹನಿಯೂ ಒಂದು ವಾದ್ಯವಾಗುತ್ತದೆ.

ಯಾವ ಗಾಡಿ

ಹೊರ ಅಳತೆ 2.75 ಮೀಟರ್ ಉದ್ದ, 1.7 ಅಗಲ, 1.8 ಎತ್ತರ ಎಂದುಕೊಳ್ಳಿ. ಒಳಗೆ ಉಳಿಯುವುದು 2.5, 1.5, 1.6. ನಿಲ್ಲಲಾಗದು, ಕೂತೇ ಕೆಲಸ. ಹೊರ ತಗಡು ಮತ್ತು ಚೌಕಟ್ಟು ಸುಮಾರು 280 ಕಿಲೋ. ಒಳ ಪ್ಲೈವುಡ್ 125, ರಾಕ್‌ವೂಲ್ 60, ಎರಡು ಪದರದ ನೆಲ 85, ಬಾಗಿಲು 40. ಅಲ್ಲಿಗೆ 590. ಮೇಜು, ಯಂತ್ರ, ಬ್ಯಾಟರಿ, ಏಸಿ, ಕೇಬಲ್, ಸ್ಟ್ಯಾಂಡ್ ಸೇರಿ 230. ಮೂರು ಜನ 200. ಒಟ್ಟು 1020 ಕಿಲೋ.

ನಾವು ಛೋಟಾ ಹಾಥಿ ಎನ್ನುವ ಟಾಟಾ ಏಸ್ ಹೊರುವುದು ಮುಕ್ಕಾಲು ಟನ್ನಿನ ಆಸುಪಾಸು. ಅದು ಇಲ್ಲಿಗೇ ಆಟದಿಂದ ಹೊರಗೆ. ಬೊಲೆರೊ ಪಿಕಪ್ಪಿನಂಥ 1.3 ಟನ್ ಅಥವಾ ಅದಕ್ಕಿಂತ ಹೆಚ್ಚು ಹೊರುವ ಗಾಡಿ ಬೇಕು. ಆರ್‌ಸಿ ಪುಸ್ತಕದಲ್ಲಿ ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ತೂಕ ಎರಡೂ ಬರೆದಿರುತ್ತಾರೆ. ಅವೆರಡರ ನಡುವಿನ ಅಂತರವೇ ನಿಮ್ಮ ಆಸ್ತಿ. ಬಾಡಿ ಕಟ್ಟಿಸಿದ ಮೇಲೆ ವೇಬ್ರಿಜ್ ಮೇಲೆ ಒಮ್ಮೆ ನಿಲ್ಲಿಸಿ ಖಾತ್ರಿ ಮಾಡಿಕೊಳ್ಳಿ. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ವೇಬ್ರಿಜ್‌ಗೆ ಬರವೇ? ಭಾರವಾದ ಬ್ಯಾಟರಿಯನ್ನು ಕೆಳಗೆ, ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದೆ ಇಡಿಸಿ. ಎಲ್ಲ ಭಾರ ಹಿಂದೆ ಹೋದರೆ ಸ್ಟಿಯರಿಂಗ್ ಹಗುರಾಗಿ ಗಾಡಿ ಹಿಡಿತ ತಪ್ಪುತ್ತದೆ.

ಕಾನೂನು ಚುಟುಕಾಗಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ರೂಪ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಕೆಲಸ ಶುರುವಾಗುವ ಮೊದಲೇ ನಕ್ಷೆ ಹಿಡಿದು ಹೋಗಿ. ಆರ್‌ಸಿಯಲ್ಲಿ ಬದಲಾವಣೆ ದಾಖಲಾಗಲಿ, ವಿಮೆಯವರಿಗೂ ತಿಳಿಸಿ.

ಗಾಳಿ ಮತ್ತು ಸೆಕೆ

ಇದನ್ನು ಬಹಳ ಜನ ಮರೆಯುತ್ತಾರೆ. ಸದ್ದು ಬರದಂತೆ ಮುಚ್ಚಿದ ಡಬ್ಬಕ್ಕೆ ಗಾಳಿಯೂ ಬರುವುದಿಲ್ಲ. ಒಳಗಿರುವ ಜಾಗ 6 ಘನ ಮೀಟರ್. ಸುಮ್ಮನೆ ಕೂತ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮೂವರಿಗೆ 60 ಲೀಟರ್. ಒಂದು ಗಂಟೆಯಲ್ಲಿ ಒಳಗಾಳಿಯ ನೂರಕ್ಕೆ ಒಂದು ಪಾಲು ಅದೇ ಆಗುತ್ತದೆ. ತಲೆ ಭಾರವಾಗಿ ತೂಕಡಿಕೆ ಬರುತ್ತದೆ. ಆಗ ಹಾರ್ಮೋನಿಯಂ ಮೈಕ್ ಸತ್ತಿದ್ದೂ ಗೊತ್ತಾಗುವುದಿಲ್ಲ.

ಸಾಮಾನ್ಯ ಏಸಿ ಹೊರಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಅದಕ್ಕೇ ಬೇರೆ ದಾರಿ ಬೇಕು. ಅಗಲವಾದ ಪ್ಲೈವುಡ್ ಕೊಳವೆ ಮಾಡಿ, ಎರಡು ಮೂರು ತಿರುವು ಕೊಟ್ಟು, ಒಳಮೈಗೆ ರಾಕ್‌ವೂಲ್ ಹಾಕಿ ಬಟ್ಟೆ ಹೊದಿಸಿ. ನಿಧಾನ ತಿರುಗುವ ಸಣ್ಣ ಫ್ಯಾನ್ ಸಾಕು. ಗಾಳಿ ತಿರುಗಿ ತಿರುಗಿ ಬರುತ್ತದೆ, ಸದ್ದು ದಾರಿಯಲ್ಲೇ ಸೋಲುತ್ತದೆ. ಧೂಳಿಗೆ ಫಿಲ್ಟರ್ ಇರಲಿ. ಜನರೇಟರ್ ಹೊಗೆ ಈ ಬಾಯಿಯ ಹತ್ತಿರ ಎಂದಿಗೂ ಬರಬಾರದು. ಅದು ಜೀವಕ್ಕೇ ಅಪಾಯ.

ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾರ್ಯಕ್ರಮಕ್ಕೆ ಮೊದಲೇ ಊರಿನ ಕರೆಂಟಿನಲ್ಲಿ ಏಸಿ ಓಡಿಸಿ ಒಳಗನ್ನು ತಂಪು ಮಾಡಿಟ್ಟುಕೊಳ್ಳಿ. ಸದ್ದು ತಡೆಯಲು ಹಾಕಿದ ರಾಕ್‌ವೂಲ್ ಸೆಕೆಯನ್ನೂ ತಡೆಯುತ್ತದೆ. ಕೇಳುವಾಗ ಏಸಿ ಬಂದ್ ಮಾಡಿದರೂ ಸ್ವಲ್ಪ ಹೊತ್ತು ನಡೆಯುತ್ತದೆ.

ಕರೆಂಟು, ಅರ್ಥಿಂಗು

ಲ್ಯಾಪ್‌ಟಾಪ್, ಮೈಕಿನ ಸದ್ದನ್ನು ಅದಕ್ಕೆ ಮುಟ್ಟಿಸುವ ಇಂಟರ್‌ಫೇಸ್, ಎರಡು ಸ್ಪೀಕರ್, ಒಂದು ಪರದೆ, ದೀಪ ಸೇರಿ ಸುಮಾರು 250 ವಾಟ್. ನಾಲ್ಕು ಗಂಟೆಗೆ 1 ಯೂನಿಟ್. 100 ಆಂಪಿಯರ್-ಅವರ್‌ನ 12.8 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ 1.28 ಯೂನಿಟ್ ಇರುತ್ತದೆ. ಅದರಲ್ಲಿ ನೂರಕ್ಕೆ 80 ಪಾಲು ಬಳಸಿ, ಇನ್ವರ್ಟರ್ ನುಂಗುವುದನ್ನೂ ಕಳೆದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ರಾತ್ರಿಯಿಡೀ ನಡೆಯುವ ಪಾರಿಜಾತಕ್ಕೆ ಮೂರು ಬ್ಯಾಟರಿ ಬೇಕು. ಒಂದೊಂದು 11ರಿಂದ 13 ಕಿಲೋ. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಒಂದೇ 50 ಕಿಲೋ ದಾಟುತ್ತದೆ. ಲಿಥಿಯಂ ದುಬಾರಿ, ನಿಜ. ನಾನಾದರೆ ದುಡ್ಡನ್ನು ಮೈಕಿನಲ್ಲಿ ಉಳಿಸಿ ಇಲ್ಲಿ ಹಾಕುತ್ತೇನೆ. ಇನ್ವರ್ಟರ್ ಪ್ಯೂರ್ ಸೈನ್‌ವೇವ್‌ದೇ ಇರಲಿ. ಅಗ್ಗದ್ದು ಝುಂಯ್ ಎನ್ನುತ್ತದೆ, ಆ ಸದ್ದು ರೆಕಾರ್ಡಿಂಗಿನಲ್ಲಿ ಕೂರುತ್ತದೆ.

ಬ್ಯಾಟರಿಯಿಂದ ಇನ್ನೊಂದು ಲಾಭ. ಹಳ್ಳಿಯ ಲೈನಿನಲ್ಲಿ ಪಂಪ್‌ಸೆಟ್ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ. ನಮಗೆ ಅದರ ಗೊಡವೆ ಇರುವುದಿಲ್ಲ.

ಮೈಕ್‌ಸೆಟ್‌ನವರ ಸಾಮಾನು ಒಂದು ಕಡೆಯ ಅರ್ಥಿಂಗಿನಲ್ಲಿ, ನಮ್ಮದು ಇನ್ನೊಂದರಲ್ಲಿ ಇದ್ದು ನಡುವೆ ಕೇಬಲ್ ಬಂದರೆ 50 ಹರ್ಟ್ಜ್ ಹಮ್, ಅಂದರೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನು ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. ಹಾಡುವವರು ಮೈಕ್ ಹಿಡಿದಾಗ ಶಾಕ್ ಹೊಡೆದರೆ ಪ್ರಾಣ ಹೋಗಬಹುದು. ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಹಾಕಿ. ಒಂದೇ ಮೈಕಿನ ಸಿಗ್ನಲ್ ಅವರಿಗೂ ಹೋಗುತ್ತದೆ, ನಮಗೂ ಬರುತ್ತದೆ, ತಂತಿ ಮಾತ್ರ ನೇರ ಕೂಡುವುದಿಲ್ಲ. ಕಂಡೆನ್ಸರ್ ಮೈಕಿಗೆ ಬೇಕಾಗುವ 48 ವೋಲ್ಟ್ ಕರೆಂಟು (ಫ್ಯಾಂಟಮ್) ಯಾರು ಕೊಡುವುದು ಎಂದು ಮೈಕ್‌ಸೆಟ್‌ನವರ ಜೊತೆ ಸಂಜೆಯೇ ಮಾತಾಡಿಕೊಳ್ಳಿ. ಚಹಾ ಕುಡಿಸಿ ಮಾತಾಡಿದರೆ ಇನ್ನೂ ಒಳ್ಳೆಯದು. ರಾತ್ರಿ ನಿಮ್ಮ ಕೆಲಸ ಅವರ ಕೈಯಲ್ಲಿರುತ್ತದೆ.

ಕೇಬಲ್, ಕಣ್ಣು, ಕಿವಿ

24 ಚಾನೆಲ್ಲಿನ 50 ಮೀಟರ್ ಹಳೆ ಮಾದರಿ ಮಲ್ಟಿಕೋರ್ (ಒಂದರೊಳಗೆ ಹಲವು ತಂತಿಯ) ಕೇಬಲ್ ಹೊರಲು ಇಬ್ಬರು ಬೇಕು. ವೇದಿಕೆಯಲ್ಲೇ ಎಲ್ಲ ಮೈಕ್ ಚುಚ್ಚುವ ಡಿಜಿಟಲ್ ಸ್ಟೇಜ್ ಬಾಕ್ಸ್ ಇಟ್ಟರೆ ಒಂದು ಈಥರ್ನೆಟ್ ಕೇಬಲ್ ಸಾಕು. 100 ಮೀಟರ್ ವರೆಗೆ ಹೋಗುತ್ತದೆ, ಕೈಚೀಲದಲ್ಲಿ ಹಿಡಿಸುತ್ತದೆ. ಜಾತ್ರೆಯಲ್ಲಿ ಜನ, ದನ, ಬಂಡಿ ಎಲ್ಲ ಅದರ ಮೇಲೆ ಓಡಾಡುವುದರಿಂದ ಎರಡು ಕೇಬಲ್ ಬೇರೆ ಬೇರೆ ದಾರಿಯಲ್ಲಿ ಎಳೆದಿಡಿ.

ಗಾಡಿಯಲ್ಲಿ ಕೂತವರಿಗೆ ವೇದಿಕೆ ಕಾಣುವುದಿಲ್ಲ. ಒಂದು ಸಿಸಿ ಕ್ಯಾಮೆರಾ ಅಲ್ಲಿ ಕಟ್ಟಿ. ಒಬ್ಬರು ಇಯರ್‌ಫೋನ್ ಹಾಕಿಕೊಂಡು ವೇದಿಕೆಯ ಬದಿಯಲ್ಲಿ ಇರಲಿ. ಮಾಂಟ್ರೊದವರು ಪಟ್ಟ ಕಷ್ಟಕ್ಕೂ ಮದ್ದು ಇದೇ ಕೇಬಲ್: ರೆಕಾರ್ಡ್ ಆದದ್ದನ್ನು ಅದರಲ್ಲೇ ವಾಪಸ್ ಕಳಿಸಿದರೆ ಕಲಾವಿದರು ಕೂತಲ್ಲೇ ಹೆಡ್‌ಫೋನಿನಲ್ಲಿ ಕೇಳಬಹುದು.

ಗಾಡಿಯೊಳಗೆ ಕೇಳುವಾಗ ದಪ್ಪ ಸದ್ದನ್ನು ನಂಬಬೇಡಿ. ಎದುರುಬದುರು ಗೋಡೆಗಳ ನಡುವೆ ಸದ್ದು ಬಡಿದಾಡಿ, 2.5 ಮೀಟರ್ ಉದ್ದಕ್ಕೆ 69 ಹರ್ಟ್ಜ್, 1.5 ಅಗಲಕ್ಕೆ 114, 1.6 ಎತ್ತರಕ್ಕೆ 107 ಹರ್ಟ್ಜ್ ಎದ್ದು ನಿಲ್ಲುತ್ತವೆ. ಅಗಲ, ಎತ್ತರ ಹೆಚ್ಚು ಕಡಿಮೆ ಒಂದೇ ಇರುವುದರಿಂದ ಡೊಳ್ಳಿನ ಗುಮ್ಮು ಇದ್ದದ್ದಕ್ಕಿಂತ ಜಾಸ್ತಿ ಕೇಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳುತ್ತದೆ, ಅಲ್ಲಿ ಗೋಡೆಗಳು ಬಹಳ ದೂರ. ಇಲ್ಲಿ ಗೋಡೆಗಳು ತೀರ ಹತ್ತಿರ, ಅದೇ ತೊಂದರೆ. ಮೂಲೆಗಳಿಗೆ ದಪ್ಪ ರಾಕ್‌ವೂಲ್ ತುಂಬಿ, ಹೆಡ್‌ಫೋನಿನಲ್ಲೂ ನೋಡಿ, ಮಿಕ್ಸಿಂಗನ್ನು ಮನೆಗೆ ಬಂದು ಮಾಡಿ.

ಮೈಕಿನ ಮಾತು ಇಷ್ಟೇ. ಡೊಳ್ಳಿಗೆ, ಹಲಗೆಗೆ ಗಟ್ಟಿಮುಟ್ಟಾದ ಡೈನಾಮಿಕ್. ಚೌಡಿಕೆಗೆ, ಹಾರ್ಮೋನಿಯಮ್ಮಿಗೆ ಕಂಡೆನ್ಸರ್. ಜನರ ನಗು, ಕೇಕೆ ಹಿಡಿಯಲು ಎರಡು ಮೈಕ್ ಬೇರೆ. ಅವು ವೇದಿಕೆಯಿಂದ 15 ಮೀಟರ್ ದೂರ ಇದ್ದರೆ ಅಲ್ಲಿಗೆ ಸದ್ದು 44 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮಿಕ್ಸಿಂಗಿನಲ್ಲಿ ಸರಿಸಿ ಹೊಂದಿಸಿ.

24 ಬಿಟ್, 48 ಕಿಲೋಹರ್ಟ್ಜ್ ಇಟ್ಟರೆ ಒಂದು ಚಾನೆಲ್ಲಿಗೆ ಗಂಟೆಗೆ ಸುಮಾರು 518 ಎಂಬಿ. 16 ಚಾನೆಲ್, ಎಂಟು ಗಂಟೆ ಎಂದರೆ 66 ಜಿಬಿ. ತಿರುಗುವ ಹಾರ್ಡ್ ಡಿಸ್ಕ್ ಬೇಡ, ನಮ್ಮ ರಸ್ತೆಯ ಕುಲುಕಾಟಕ್ಕೆ ಎಸ್‌ಎಸ್‌ಡಿಯೇ ಸರಿ. ಎರಡು ಪ್ರತಿ ಮಾಡಿ, ಒಂದು ಗಾಡಿಯಲ್ಲಿ, ಇನ್ನೊಂದು ಬೇರೆಯವರ ಚೀಲದಲ್ಲಿ ಊರಿಗೆ ಬರಲಿ. ಫೈಲಿನ ಹೆಸರಿನಲ್ಲಿ ಊರು, ತಾರೀಖು, ಮೇಳದ ಹೆಸರು ಇರಲಿ. ಮೇಳದ ಹಿರಿಯರ ಒಪ್ಪಿಗೆಯನ್ನು ಹಾಡು ಶುರುವಾಗುವ ಮೊದಲೇ ಬರೆಸಿಕೊಳ್ಳಿ. ಬೆಳಗಿನ ಮಂಗಳ ಮುಗಿದ ಮೇಲೆ ಎಲ್ಲರೂ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿರುತ್ತಾರೆ.