ಗೇರ್ ಬದಲಾಗುವ ಆ ಅರೆಗಳಿಗೆ: ಹೆವಿ ಡ್ಯೂಟಿ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಟಿಪ್ಪಣಿ

ಟಾರ್ಕ್ ಕನ್ವರ್ಟರ್, ಲಾಕಪ್, ಆಯಿಲ್ ಪಂಪ್ ಇವೆಲ್ಲ ಗೊತ್ತಿದೆ ಎಂದುಕೊಂಡು ನೇರವಾಗಿ ಗೇರ್ ಬದಲಾವಣೆಗೆ ಬರುತ್ತೇನೆ. ನಾನು ದಿನಗಟ್ಟಲೆ ತಡವರಿಸಿದ್ದು ಅಲ್ಲೇ.

ಕ್ಲಚ್ ಪಟ್ಟಿ

ಉದಾಹರಣೆಗೆ ಟ್ರಕ್, ಬಸ್ಸುಗಳಲ್ಲಿ ಬರುವ ಆಲಿಸನ್ 3000 ಸರಣಿಯನ್ನೇ ತೆಗೆದುಕೊಳ್ಳೋಣ. ಮೂರು ಪ್ಲಾನೆಟರಿ ಸೆಟ್ (ನಡುವೆ ಸನ್ ಗೇರ್, ಹೊರಸುತ್ತಿಗೆ ರಿಂಗ್ ಗೇರ್, ಇವೆರಡರ ನಡುವೆ ಸುತ್ತುವ ಚಿಕ್ಕ ಗೇರುಗಳನ್ನು ಹೊತ್ತ ಕ್ಯಾರಿಯರ್), ಎಣ್ಣೆಯ ಒತ್ತಡದಿಂದ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವ ಐದು ಕ್ಲಚ್. ಸಿ1, ಸಿ2 ತಿರುಗುವ ಕ್ಲಚ್‌ಗಳು. ಟರ್ಬೈನಿನ, ಅಂದರೆ ಟಾರ್ಕ್ ಕನ್ವರ್ಟರಿನಿಂದ ಗೇರುಗಳ ಕಡೆಗೆ ತಿರುಗುವ ಚಕ್ರದ, ಶಕ್ತಿಯನ್ನು ಒಳಗೆ ಬಿಡುತ್ತವೆ. ಸಿ3, ಸಿ4, ಸಿ5 ಒಂದೊಂದು ರಿಂಗ್ ಗೇರನ್ನು ಕೇಸಿಗೆ (ಹೊರಕವಚಕ್ಕೆ) ಬಿಗಿದು ನಿಲ್ಲಿಸುತ್ತವೆ. ಆವರಣದಲ್ಲಿರುವುದು ಅನುಪಾತ: ಔಟ್‌ಪುಟ್ ಒಂದು ಸುತ್ತು ತಿರುಗಲು ಟರ್ಬೈನ್ ಎಷ್ಟು ಸುತ್ತು ತಿರುಗಬೇಕು ಎಂಬುದು.

1ನೇ ಗೇರ್: ಸಿ1 + ಸಿ5 (3.49)
2: ಸಿ1 + ಸಿ4 (1.86)
3: ಸಿ1 + ಸಿ3 (1.41)
4: ಸಿ1 + ಸಿ2 (1.00)
5: ಸಿ2 + ಸಿ3 (0.75)
6: ಸಿ2 + ಸಿ4 (0.65)
ರಿವರ್ಸ್: ಸಿ3 + ಸಿ5 (5.03)

ಬಾಯಿಪಾಠ ಬೇಕಿಲ್ಲ. ಮೇಲಕ್ಕೆ ಹೋಗುವಾಗ ಸಿ1 ಜೊತೆಗೆ 5, 4, 3, 2 ಎಂದು ಇಳಿಯುತ್ತದೆ. ನಂತರ ಸಿ2 ಜೊತೆಗೆ 3, 4 ಎಂದು ಏರುತ್ತದೆ. ನಾಲ್ಕನೇ ಗೇರಿನಲ್ಲಿ ಯಾವುದನ್ನೂ ಕೇಸಿಗೆ ಬಿಗಿದಿಲ್ಲ, ತಿರುಗುವ ಎರಡೂ ಕ್ಲಚ್ ಹಿಡಿದಿವೆ. ಹಾಗಾಗಿ ಗೇರುಗಳೆಲ್ಲ ಒಂದೇ ಗಟ್ಟಿಯಂತೆ ತಿರುಗುತ್ತವೆ, ಅನುಪಾತ 1.00. ರಿವರ್ಸ್‌ನಲ್ಲಿ ಸಿ1, ಸಿ2 ಎರಡೂ ಇಲ್ಲವಲ್ಲ, ಶಕ್ತಿ ಒಳಗೆ ಬರುವುದು ಎಲ್ಲಿಂದ ಎಂದು ನಾನು ಬಹಳ ಹುಡುಕಿದೆ. ಮೊದಲ ಪ್ಲಾನೆಟರಿ ಸೆಟ್ಟಿನ ಸನ್ ಗೇರ್ ಟರ್ಬೈನಿಗೆ ಸದಾ ಜೋಡಿಸಿಕೊಂಡೇ ಇರುತ್ತದೆ. ಕ್ಲಚ್ ಇಲ್ಲದೆಯೂ ಶಕ್ತಿ ಆ ದಾರಿಯಿಂದ ಬರುತ್ತದೆ.

ಅನುಪಾತ ಲೆಕ್ಕಕ್ಕೆ ನನ್ನ ಮೆಚ್ಚಿನ ಅಡ್ಡದಾರಿ: ಕ್ಯಾರಿಯರನ್ನು ಸನ್ ಮತ್ತು ರಿಂಗ್ ಹಲ್ಲುಗಳ ಮೊತ್ತದಷ್ಟು ಹಲ್ಲಿರುವ ಗೇರ್ ಎಂದು ಭಾವಿಸಿ. ಸನ್‌ಗೆ 30, ರಿಂಗ್‌ಗೆ 75 ಹಲ್ಲಿದ್ದರೆ ಕ್ಯಾರಿಯರ್ 105. ರಿಂಗ್ ನಿಂತು, ಸನ್ ಓಡಿಸಿ, ಕ್ಯಾರಿಯರ್ ಓಡಿದರೆ 105 ಭಾಗಿಸು 30, ಅಂದರೆ 3.5. ಸನ್ ನಿಂತು, ರಿಂಗ್ ಓಡಿಸಿದರೆ 105 ಭಾಗಿಸು 75, ಅಂದರೆ 1.4. ಕ್ಯಾರಿಯರ್ ನಿಂತು, ಸನ್ ಓಡಿಸಿದರೆ 75 ಭಾಗಿಸು 30, ಅಂದರೆ 2.5, ಆದರೆ ದಿಕ್ಕು ತಿರುಗುಮುರುಗು.

ಎಡವಿದ ಜಾಗ

ಪಟ್ಟಿಯಲ್ಲಿ 1ರಿಂದ 6ರವರೆಗೆ ಪಕ್ಕಪಕ್ಕದ ಯಾವ ಎರಡು ಗೇರ್ ನೋಡಿದರೂ ಒಂದು ಕ್ಲಚ್ ಹಾಗೇ ಉಳಿಯುತ್ತದೆ, ಒಂದು ಬಿಡುತ್ತದೆ, ಒಂದು ಹಿಡಿಯುತ್ತದೆ. 2ರಿಂದ 3ಕ್ಕೆ ಹೋಗುವಾಗ ಸಿ4 ಬಿಡಬೇಕು, ಸಿ3 ಹಿಡಿಯಬೇಕು. ಸಿ3 ಹಿಡಿಯಲು ಶುರು ಮಾಡಿದ ಕೂಡಲೇ ಟರ್ಬೈನ್ ವೇಗ ಇಳಿಯುತ್ತದೆ ಎಂದೇ ನಾನು ನಂಬಿದ್ದೆ. ಅದು ತಪ್ಪು.

ಚಕ್ರಗಳ ಕಡೆಗೆ ಹೋಗುವ ಔಟ್‌ಪುಟ್ ಶಾಫ್ಟ್ 1000 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನಿ. ಎರಡನೇ ಗೇರಿನಲ್ಲಿ ಟರ್ಬೈನ್ 1860. ಮೂರರಲ್ಲಿ ಅದು 1410 ಆಗಬೇಕು. ಮೊದಲು ಎಣ್ಣೆ ತುಂಬಿ ಸಿ3 ಪಿಸ್ಟನ್ ಪ್ಲೇಟ್‌ಗಳ ನಡುವಿನ ಸಂದನ್ನು ಮುಚ್ಚುತ್ತದೆ. ಇಲ್ಲಿಯವರೆಗೆ ಸಿ3 ಮೇಲೆ ಟಾರ್ಕ್ (ತಿರುಗಿಸುವ ಬಲ) ಏನೂ ಇಲ್ಲ. ನಂತರ ಒತ್ತಡ ಏರಿದಂತೆ ಸಿ3 ಜಾರುತ್ತಲೇ ಭಾರ ಹೊರತೊಡಗುತ್ತದೆ, ಸಿ4 ಮೇಲಿನ ಭಾರ ಅಷ್ಟಷ್ಟೇ ಇಳಿಯುತ್ತದೆ. ಇದು ಟಾರ್ಕ್ ಫೇಸ್. ಈ ಹೊತ್ತಿನಲ್ಲಿ ಟರ್ಬೈನ್ ಇನ್ನೂ 1860ರಲ್ಲೇ ಇದೆ! ಸಿ4 ಜಾರದೆ ಇರುವವರೆಗೆ ಅದರ ರಿಂಗ್ ಗೇರ್ ಕೇಸಿಗೆ ಬಿಗಿದೇ ಇರುತ್ತದೆ. ಸಿ1 ಕೂಡ ಹಿಡಿದಿದೆ. ಅಂದ ಮೇಲೆ ಅನುಪಾತ ಬದಲಾಗಲು ಜಾಗವೇ ಇಲ್ಲ.

ಭಾರದ ಪೆಟ್ಟಿಗೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದನ್ನು ನೆನೆಯಿರಿ. ಇನ್ನೊಬ್ಬರು ಕೈಜೋಡಿಸಿದಾಗ ತೂಕ ಹಂಚಿಹೋಗುತ್ತದೆ, ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಮೊದಲಿನವರು ಬಿಟ್ಟ ಮೇಲೆಯೇ ಅದು ಸರಿಯುವುದು. ಇಲ್ಲೂ ಹಾಗೆಯೇ: ವೇಗ ಅಲುಗುವುದಿಲ್ಲ, ಆದರೆ ಔಟ್‌ಪುಟ್ ಟಾರ್ಕ್ ಆಗಲೇ ಇಳಿಯುತ್ತಿರುತ್ತದೆ. ಗೇರ್ ಏರುವಾಗ ಅರೆಕ್ಷಣ ಎಳೆತ ಕಡಿಮೆಯಾದಂತೆ ಅನ್ನಿಸುವುದು ಇದರಿಂದಲೇ.

ಸಿ4 ಮೇಲಿನ ಭಾರ ಸೊನ್ನೆಯಾದ ಗಳಿಗೆಯಲ್ಲೇ ಅದನ್ನು ಬಿಡಬೇಕು. ಬೇಗ ಬಿಟ್ಟರೆ ಭಾರ ಹೊರಲು ಯಾರೂ ಇಲ್ಲದೆ ಎಂಜಿನ್ ಸುಮ್ಮನೆ ಏರುತ್ತದೆ, ಅದು ಫ್ಲೇರ್. ತಡವಾದರೆ ಎರಡು ಕ್ಲಚ್‌ಗಳು ಒಂದರ ವಿರುದ್ಧ ಒಂದು ಜಗ್ಗಿ ಗಾಡಿ ಮುಗ್ಗರಿಸುತ್ತದೆ, ಅದು ಟೈ-ಅಪ್. ಸಿ4 ಬಿಟ್ಟ ಮೇಲೆ ಇನರ್ಶಿಯಾ ಫೇಸ್: ಸಿ3 ಜಾರುತ್ತಾ ಟರ್ಬೈನನ್ನು 450 ಆರ್‌ಪಿಎಂ ಕೆಳಗೆ ಎಳೆಯುತ್ತದೆ, ಪ್ಲೇಟ್‌ಗಳು ಬಿಸಿಯಾಗುತ್ತವೆ. ಆಗ ಕಂಟ್ರೋಲ್ ಮಾಡ್ಯೂಲ್ (ಟ್ರಾನ್ಸ್‌ಮಿಷನ್ನಿನ ಕಂಪ್ಯೂಟರ್) ಎಂಜಿನ್ನಿಗೆ ಟಾರ್ಕ್ ತಗ್ಗಿಸಲು ಹೇಳುತ್ತದೆ. ಟ್ರಕ್‌ಗಳಲ್ಲಿ ಈ ಮಾತುಕತೆ ನಡೆಯುವುದು ಜೆ1939 ಎಂಬ, ವಾಹನದ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲದಲ್ಲಿ.

ಕಣ್ಣು ಕಟ್ಟಿದ ಹೊತ್ತು

ಇದು ಹೊಳೆದಾಗ ನನಗೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು. ಮಾಡ್ಯೂಲ್‌ಗೆ ಎಂಜಿನ್, ಟರ್ಬೈನ್, ಔಟ್‌ಪುಟ್ ಎಂಬ ಮೂರು ವೇಗದ ಸೆನ್ಸರ್‌ಗಳಿವೆ. ಟಾರ್ಕ್ ಫೇಸ್‌ನಲ್ಲಿ ಅನುಪಾತವೇ ಬದಲಾಗುವುದಿಲ್ಲವಾದ್ದರಿಂದ ಭಾರ ಎಷ್ಟು ದಾಟಿದೆ ಎಂಬುದು ಈ ಸೆನ್ಸರ್‌ಗಳಿಂದ ತಿಳಿಯದು. ಪಿಸ್ಟನ್ ತುಂಬಲು ಎಷ್ಟು ಹೊತ್ತು ಬೇಕು ಎಂಬುದು ಮೊದಲೇ ಗೊತ್ತಿರಬೇಕು. ಆದರೆ ಪ್ಲೇಟ್ ಸವೆದರೆ ಸಂದು ಹೆಚ್ಚುತ್ತದೆ, ಎಣ್ಣೆ ತಣ್ಣಗಿದ್ದರೆ ದಪ್ಪವಾಗಿರುತ್ತದೆ. ಆದ್ದರಿಂದಲೇ ಮಾಡ್ಯೂಲ್ ಪ್ರತಿ ಶಿಫ್ಟ್ (ಗೇರ್ ಬದಲಾವಣೆ) ಮುಗಿದ ಮೇಲೆ ಫ್ಲೇರ್ ಆಯಿತೇ, ಟೈ-ಅಪ್ ಆಯಿತೇ ಎಂದು ವೇಗದ ರೇಖೆಯಲ್ಲಿ ನೋಡಿ ಮುಂದಿನ ಸಲದ ಒತ್ತಡವನ್ನು ತಿದ್ದಿಕೊಳ್ಳುತ್ತದೆ. ರಿಪೇರಿಯ ನಂತರ ಈ ಕಲಿಕೆಯನ್ನು ಅಳಿಸಿದಾಗ ಮೊದಲ ಕೆಲವು ಶಿಫ್ಟ್ ಒರಟಾಗಿದ್ದರೆ ಅದು ದೋಷವೇ ಆಗಿರಬೇಕಿಲ್ಲ, ಮತ್ತೆ ಕಲಿಯುತ್ತಿದೆ.

ಐಷಾರಾಮಿ ಕಾರುಗಳಲ್ಲೂ ಇದೇ ಕಥೆ. 2009ರಲ್ಲಿ ಬಿಎಂಡಬ್ಲ್ಯು 7 ಸರಣಿಯಲ್ಲಿ ಬಂದ ಎಂಟು ಗೇರಿನ ಜೆಡ್‌ಎಫ್ 8ಎಚ್‌ಪಿ ಟ್ರಾನ್ಸ್‌ಮಿಷನ್ನಿನಲ್ಲಿ ನಾಲ್ಕು ಪ್ಲಾನೆಟರಿ ಸೆಟ್, ಐದೇ ಹಿಡಿತಗಳು: ಎ, ಬಿ ಬ್ರೇಕ್‌ಗಳು (ಕೇಸಿಗೆ ಬಿಗಿಯುವವು), ಸಿ, ಡಿ, ಇ ಕ್ಲಚ್‌ಗಳು. ಪ್ರತಿ ಗೇರಿನಲ್ಲೂ ಮೂರು ಹಿಡಿದಿರುತ್ತವೆ, ಎರಡೇ ತೆರೆದಿರುತ್ತವೆ. ತೆರೆದ ಪ್ಲೇಟ್‌ಗಳು ಎಣ್ಣೆ ಕಡೆಯುವ ನಷ್ಟ ಹೀಗೆ ಕಡಿಮೆ. ಎಂಟನೇ ಗೇರ್ ಎ-ಡಿ-ಇ, ಎರಡನೆಯದು ಎ-ಬಿ-ಇ. ಓವರ್‌ಟೇಕ್‌ಗೆ ಪೆಡಲ್ ಪೂರ್ತಿ ಒತ್ತಿದಾಗ 8ರಿಂದ ನೇರ 2ಕ್ಕೆ ಇಳಿಯಬೇಕಾದರೂ ಡಿ ಬಿಟ್ಟು ಬಿ ಹಿಡಿದರೆ ಸಾಕು.