ಎಡವಾದರೂ ಸರಿ, ಬಲವಾದರೂ ಸರಿ

ಕುಬಸ (ಸೀಮಂತ) ಮುಗಿಸಿಕೊಂಡು ತವರಿಗೆ ಬಂದ ಬಸುರಿ ಮಗಳಿಗೆ ಬೆಳಗಾವಿ ಕಡೆಯ ಮನೆಗಳಲ್ಲಿ ಹಿರಿಯರು ಹೇಳುವ ಮಾತು ಎರಡು. ‘ಅಂಗಾತ ಮಲಗಬ್ಯಾಡವಾ’ ಎನ್ನುವುದು ಒಂದು. ‘ಮಗ್ಗಲ ಬದಲಿಸೂವಾಗ ಎದ್ದು ಕೂತು ಹೊಳ್ಳು, ಇಲ್ಲಾಂದ್ರ ಕೂಸಿನ ಕೊರಳಿಗೆ ಬಳ್ಳಿ ಸುತ್ತಕೋತೈತಿ’ ಎನ್ನುವುದು ಇನ್ನೊಂದು.

ಎರಡನೆಯದನ್ನು ಬೇಗ ಮುಗಿಸಿಬಿಡೋಣ. ಕೂಸು ಗರ್ಭದ ನೀರಿನಲ್ಲಿ ತಾನೇ ಹೊರಳಾಡುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳುವುದುಂಟು. ಹಾಗೆ ಸುತ್ತಿಕೊಂಡ ಹೆಚ್ಚಿನ ಮಕ್ಕಳು ಆರಾಮಾಗಿಯೇ ಹುಟ್ಟುತ್ತವೆ. ತಾಯಿ ಯಾವ ರೀತಿ ಹೊರಳಿದಳು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊದಲೇ ಉಚ್ಚೆಗೆಂದು ರಾತ್ರಿ ಮೇಲಿಂದ ಮೇಲೆ ಏಳುವ ಬಸುರಿಗೆ ಈ ಅಂಜಿಕೆ ಬೇರೆ ಬೇಡ.

ಮೊದಲನೆಯ ಮಾತಿನಲ್ಲಿ ಮಾತ್ರ ನಿಜವಾದ ತಿಳಿವಳಿಕೆ ಇದೆ. ಕಾಲು ಮತ್ತು ಕಿಬ್ಬೊಟ್ಟೆಯ ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ರಕ್ತನಾಳ ಬೆನ್ನೆಲುಬಿನ ಮುಂದೆ, ತುಸು ಬಲಕ್ಕೆ ಹಾದುಹೋಗುತ್ತದೆ. ಅದರ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ದಿನ ತುಂಬಿದ ಹೆಂಗಸು ಅಂಗಾತ ಮಲಗಿದಾಗ ಕೂಸು, ಮಾಸು, ನೀರು ಎಲ್ಲದರ ಭಾರ ಅದರ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಇಳಿಯುತ್ತದೆ, ಹೃದಯ ಹೊರಕ್ಕೆ ತಳ್ಳುವುದೂ ಇಳಿಯುತ್ತದೆ. ಕೆಲವರಿಗೆ ತಲೆ ಸುತ್ತಿ, ಮೈ ಬೆವರುತ್ತದೆ, ಮಗ್ಗುಲಾದರೆ ಸರಿಹೋಗುತ್ತದೆ. ಹಲವರಿಗೆ ಬೆನ್ನೆಲುಬಿನ ಪಕ್ಕದ ಬೇರೆ ನಾಳಗಳು ರಕ್ತವನ್ನು ದಾಟಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಆ ದಿನಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಬೇಕು. ತಾಯಿಗೆ ಏನೂ ಅನಿಸದಿದ್ದರೂ ಕೂಸಿಗೆ ಕಡಿಮೆ ಬೀಳಬಹುದು. ಸಿಸೇರಿಯನ್ ಮಾಡುವಾಗ ಬಲಸೊಂಟದ ಕೆಳಗೆ ದಿಂಬಿಟ್ಟು ತಾಯಿಯನ್ನು ಎಡಕ್ಕೆ ವಾಲಿಸುವುದು ಇದಕ್ಕಾಗಿಯೇ.

ನಿದ್ದೆಯ ಭಂಗಿಗೂ ಕೂಸು ಹೊಟ್ಟೆಯಲ್ಲೇ ತೀರಿಹೋಗುವುದಕ್ಕೂ ನಂಟಿರಬಹುದೆಂಬ ಸುಳಿವು 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನ ಅಧ್ಯಯನವೊಂದರಿಂದ ಬಂತು. ಬೇರೆ ಬೇರೆ ದೇಶಗಳ ಇಂಥ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 28 ವಾರ ದಾಟಿದ ಮೇಲೆ ಅಂಗಾತ ಮಲಗಿ ನಿದ್ದೆ ಹೋದವರಲ್ಲಿ ಆ ಅಪಾಯ ಸುಮಾರು 2.6 ಪಟ್ಟು ಕಂಡಿತು. ಅಪಾಯವೇ ವಿರಳವಾದ್ದರಿಂದ ಹೆಚ್ಚಿದರೂ ಅದು ಸಣ್ಣದೇ. ನನಗೆ ಬಹಳ ಮುಖ್ಯವೆನಿಸಿದ್ದು ಅದೇ ಲೆಕ್ಕದ ಇನ್ನೊಂದು ಸಂಗತಿ: ಎಡಮಗ್ಗುಲಿಗೂ ಬಲಮಗ್ಗುಲಿಗೂ ವ್ಯತ್ಯಾಸ ಕಾಣಲಿಲ್ಲ. ‘ಎಡಕ್ಕೇ ಮಲಗು’ ಎಂದು ಕಟ್ಟುನಿಟ್ಟು ಮಾಡಿ, ಸೊಂಟ ಸೆಟೆದರೂ ಬಲಕ್ಕೆ ಹೊರಳಲು ಹೆದರುವಂತೆ ಮಾಡುವುದು ಆಕೆಗೆ ನಾವು ಮಾಡುವ ಅನ್ಯಾಯ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೂ ಗಾಬರಿ ಬೇಡ, ಮಗ್ಗುಲಾಗಿ ಮತ್ತೆ ಮಲಗಿದರಾಯಿತು.

ಇದಕ್ಕೆ ಪೇಟೆಯ ದುಬಾರಿ ದಿಂಬು ಬೇಕಿಲ್ಲ. ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಒಂದನ್ನು ಮಡಚಿ ಮೊಣಕಾಲುಗಳ ನಡುವೆ ಇಟ್ಟುಕೊಂಡರೆ ಸೊಂಟದ ಎಳೆತ ಇಳಿಯುತ್ತದೆ. ಇನ್ನೊಂದನ್ನು ಸುತ್ತಿ ಬೆನ್ನಿಗೆ ಆನಿಸಿದರೆ ನಿದ್ದೆಗಣ್ಣಿನಲ್ಲಿ ಅಂಗಾತ ಹೊರಳುವುದು ತಪ್ಪುತ್ತದೆ. ತೆಳ್ಳನೆಯದೊಂದು ಹೊಟ್ಟೆಯ ಕೆಳಗೆ. ಎದೆ ಉರಿಯುವವರು ತಲೆ, ಹೆಗಲು ಎರಡನ್ನೂ ಎತ್ತರಿಸಿಕೊಳ್ಳಲಿ. ಅವರಿಗೆ ಎಡಮಗ್ಗುಲು ಹೆಚ್ಚು ಹಿತ.

ಇಷ್ಟು ಜತನದಿಂದ ತಿಂಗಳುಗಟ್ಟಲೆ ಮಗ್ಗುಲಲ್ಲಿ ಮಲಗಿದವಳು ಹೆರಿಗೆ ಕೋಣೆಗೆ ಹೋದ ಕೂಡಲೇ ಮೇಜಿನ ಮೇಲೆ ಅಂಗಾತ! ಬೇನೆಯ ಮೊದಲ ಹಂತದಲ್ಲಿ ನಿಂತು, ಅಡ್ಡಾಡಿ, ಕೂತು ಕಳೆದವರಿಗೆ ಆ ಹಂತ ಸರಾಸರಿ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಬೇಗ ಮುಗಿದದ್ದನ್ನು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ತೋರಿಸಿದೆ. ಕೂಸು ಹೊರಬರುವ ಹೊತ್ತಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ, ಮೊಣಕಾಲೂರಿ ಬಾಗಿದರೆ ಬಾಲದ ಮೂಳೆ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ, ಹಾದಿ ಅಷ್ಟು ಅಗಲವಾಗುತ್ತದೆ. ಹಗ್ಗ ಹಿಡಿದೋ, ಕಂಬಕ್ಕೆ ಆತುಕೊಂಡೋ ಹೆರುತ್ತಿದ್ದ ಹಿಂದಿನ ಹೆಂಗಸರು ಈ ಉಪಾಯವನ್ನೇ ಮಾಡುತ್ತಿದ್ದರು. ಹೀಗೆ ಹೆತ್ತವರಲ್ಲಿ ಚಿಮಟ ಹಾಕಿ ಎಳೆಯುವುದೂ ಕೊಯ್ದು ಹೊಲಿಗೆ ಹಾಕುವುದೂ ಕಡಿಮೆ. ರಕ್ತಸ್ರಾವ ಮಾತ್ರ ತುಸು ಹೆಚ್ಚಾಗಬಹುದು.

ರಕ್ತಸ್ರಾವವನ್ನು ಹಗುರವಾಗಿ ತಗೊಳ್ಳುವಂತಿಲ್ಲ. ಅದನ್ನು ತಡೆಯುವ ದಾರಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ಜಿಲ್ಲೆಯ ಹೆಂಗಸರೂ ಇದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಇಲ್ಲಿನ ಹಳ್ಳಿಗಳಲ್ಲಿ ನಡೆಸಿ, 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,620 ಬಾಣಂತಿಯರಿದ್ದರು. ಕೂಸು ಹುಟ್ಟಿದ ಕೂಡಲೇ ನರ್ಸಮ್ಮ ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಆಸ್ಪತ್ರೆಗಳಲ್ಲಿ ಇಂದು ಇದೇ ಕೆಲಸಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅಂದಮೇಲೆ ಸ್ರಾವದ ಹೆದರಿಕೆಗೆಂದು ಎಲ್ಲರನ್ನೂ ಬೆನ್ನ ಮೇಲೆ ಕೆಡವಬೇಕಿಲ್ಲ.

ತಾಯಿಗೆ ಬೇಕಾದ ಭಂಗಿಯಲ್ಲಿ ಹೆರಲು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಬೆನ್ನಿಗೆ ಸೂಜಿ ಚುಚ್ಚಿ ನೋವು ಮರೆಸಿಕೊಂಡವರಿಗೆ, ಸತತವಾಗಿ ಎದೆಬಡಿತ ನೋಡಬೇಕಾದ ಕೂಸಿನ ತಾಯಿಗೆ ಅಡ್ಡಾಡಲು ಆಗಲಿಕ್ಕಿಲ್ಲ. ಮಗ್ಗುಲಾಗಿ ಮಲಗುವುದಂತೂ ಹೆಚ್ಚಿನವರಿಗೆ ಸಾಧ್ಯ. ಎಂಟು ಒಂಬತ್ತನೇ ತಿಂಗಳ ತಪಾಸಣೆಗೆ ಹೋದಾಗಲೇ ಡಾಕ್ಟರರನ್ನು ಕೇಳಿ: ಬೇನೆ ತಿನ್ನುವಾಗ ಅಡ್ಡಾಡಲು ಬಿಡುತ್ತೀರಾ? ಅವ್ವನೋ ಅಕ್ಕನೋ ಜೊತೆಗಿರಬಹುದಾ? ಮಗ್ಗುಲಲ್ಲಿ ಹೆರಬಹುದಾ? ಕೂಸಿನ ಮಿಸುಕಾಟ ಕಡಿಮೆಯಾದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ ಮಗ್ಗುಲು ಬದಲಿಸಿ ನೋಡುತ್ತ ಬೆಳಗಿನವರೆಗೆ ಕಾಯಬೇಡಿ, ಆ ಹೊತ್ತಿಗೇ 108ಕ್ಕೆ ಫೋನ್ ಮಾಡಿ.